ವರದಿಯಲ್ಲಿ "ಹ್ಯೂಮನ್ ಎರರ್" ಅಂತ ಬರೆದು ಫೈಲ್ ಮುಚ್ಚುವುದು ನಿಲ್ಲಬೇಕಾದರೆ: ಹಡಗಿನಲ್ಲಿ ಮನುಷ್ಯರ ಕೆಲಸದ ಪರಿಸ್ಥಿತಿಯನ್ನು ಅಳೆಯುವುದು ಹೇಗೆ?

ಧಕ್ಕೆ

ಐಎಸ್‌ಎಂ ಕೋಡ್‌ನ (ಹಡಗುಗಳ ಸುರಕ್ಷಿತ ನಿರ್ವಹಣೆಯ ಅಂತರರಾಷ್ಟ್ರೀಯ ನಿಯಮ) 9ನೇ ಭಾಗದ ಪ್ರಕಾರ ಹಡಗಿನಿಂದ ಆಫೀಸಿಗೆ ಬರುವ ಅಪಘಾತ, ನಿಯರ್ ಮಿಸ್ (ಸ್ವಲ್ಪದರಲ್ಲಿ ತಪ್ಪಿದ ಅಪಘಾತ), ನಾನ್ ಕನ್ಫರ್ಮಿಟಿ (ನಿಯಮಕ್ಕೆ ತಕ್ಕ ಹಾಗೆ ಇಲ್ಲದ್ದು) ವರದಿಗಳಲ್ಲಿ "ಮೂಲ ಕಾರಣ" ಅಂತ ಒಂದು ಕಾಲಂ ಇರುತ್ತದೆ. ಹೆಚ್ಚಿನ ಕಡೆ ಅದರಲ್ಲಿ ಕಾಣುವುದು ಎರಡೇ ಪದ: ಹ್ಯೂಮನ್ ಎರರ್. ಪಕ್ಕದ ಕಾಲಂನಲ್ಲಿ "ಸಿಬ್ಬಂದಿಗೆ ಮತ್ತೊಮ್ಮೆ ತರಬೇತಿ ಕೊಡಲಾಯಿತು". ಆರು ತಿಂಗಳಿಗೆ ಬೇರೆ ಹಡಗು, ಬೇರೆ ಸಿಬ್ಬಂದಿ, ಅದೇ ಘಟನೆ.

ಕೋಡ್‌ನ 1.2.2ರಲ್ಲಿ ಗುರುತಿಸಿದ ಎಲ್ಲ ಅಪಾಯಗಳನ್ನೂ ಅಂದಾಜು ಮಾಡಬೇಕು ಅಂತ ಸ್ಪಷ್ಟವಾಗಿದೆ. ಕ್ರೇನಿನ ವೈರ್, ಪಂಪಿನ ಸೀಲ್ ಬಗ್ಗೆ ಅದನ್ನು ಮಾಡುತ್ತೇವೆ. ಮನುಷ್ಯರ ಕಡೆ ಬಂದಾಗ ಕೈ ಕಟ್ಟಿದ ಹಾಗಾಗುತ್ತದೆ. ಹಾಗಾಗಿ ಮೂರು ಪ್ರಶ್ನೆ. ನಾಲ್ಕೈದು ಹಡಗು ನೋಡಿಕೊಳ್ಳುವ ಸಣ್ಣ ಕಂಪನಿ ಯಾವ ವಿಧಾನದಿಂದ ಶುರು ಮಾಡಬಹುದು? ವಿಶ್ರಾಂತಿಯ ಗಂಟೆಗಳ ಶೀಟನ್ನು ಎಷ್ಟು ನಂಬಬಹುದು? ಮನುಷ್ಯರ ತಪ್ಪಿಗೆ ಅಂಕಿ ಹಾಕುವ ವಿಧಾನಗಳು ನಮ್ಮಂಥವರಿಗೆ ಉಪಯೋಗವಾ?

ನಾಲ್ಕೆಂಟು ವಾಚ್

ಧಕ್ಕೆ ಅವರೇ, ವಿಧಾನಕ್ಕೆ ಹೋಗುವ ಮೊದಲು ಒಂದು ನಿಜವಾದ ಪ್ರಕರಣ ಕೈಯಲ್ಲಿಟ್ಟುಕೊಳ್ಳೋಣ. 2010ರ ಏಪ್ರಿಲ್ 3. ಶೆನ್ ನೆಂಗ್ 1 ಅನ್ನುವ ಬಲ್ಕ್ ಕ್ಯಾರಿಯರ್ ಆಸ್ಟ್ರೇಲಿಯಾದ ಗ್ಲ್ಯಾಡ್‌ಸ್ಟನ್‌ನಲ್ಲಿ ಸುಮಾರು 68,000 ಟನ್ ಕಲ್ಲಿದ್ದಲು ತುಂಬಿಕೊಂಡು ಚೀನಾದ ಕಡೆ ಹೊರಟಿತು. ಅದೇ ದಿನ ಸಂಜೆ 17:05ಕ್ಕೆ ಗ್ರೇಟ್ ಬ್ಯಾರಿಯರ್ ರೀಫ್‌ನ ಡಗ್ಲಸ್ ಶೋಲ್ ಮೇಲೆ ಹತ್ತಿ ಕೂತಿತು. ಬ್ರಿಜ್‌ನಲ್ಲಿ (ಹಡಗು ನಡೆಸುವ ಕೋಣೆ) ಇದ್ದವರು ಚೀಫ್ ಮೇಟ್, ಅಂದರೆ ಕ್ಯಾಪ್ಟನ್ ನಂತರದ ಅಧಿಕಾರಿ. ತಿರುಗಬೇಕಾದ ಜಾಗದಲ್ಲಿ ಹಡಗು ತಿರುಗಿಸಲಿಲ್ಲ.

ನಮ್ಮ ಫಾರಂ ಪ್ರಕಾರ ಬರೆದರೆ ಕಥೆ ಮುಗಿಯಿತು: ಕೋರ್ಸ್ ಬದಲಿಸಲಿಲ್ಲ, ಹ್ಯೂಮನ್ ಎರರ್. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಬ್ಯೂರೋ ಅಲ್ಲಿಗೆ ನಿಲ್ಲಿಸಲಿಲ್ಲ. ಘಟನೆಗೆ ಹಿಂದಿನ ಮೂವತ್ತೆಂಟೂವರೆ ಗಂಟೆಗಳಲ್ಲಿ ಆ ಚೀಫ್ ಮೇಟ್ ಮಲಗಿದ್ದು ಎರಡೂವರೆ ಗಂಟೆ. ಲೋಡಿಂಗ್ ಮೇಲ್ವಿಚಾರಣೆ ಮಾಡಿದವರೇ ಆಮೇಲೆ ವಾಚ್‌ಗೆ (ಹಡಗು ನಡೆಸುವ ಪಾಳಿ) ಬಂದಿದ್ದರು. ಲೋಡಿಂಗ್ ನೋಡಿಕೊಂಡ ಅಧಿಕಾರಿ ವಾಚ್ ಹಿಡಿಯುವ ಸ್ಥಿತಿಯಲ್ಲಿ ಇದ್ದಾರಾ ಅಂತ ಖಾತ್ರಿ ಮಾಡುವ ವ್ಯವಸ್ಥೆಯೇ ಹಡಗಿನಲ್ಲಿ ಇರಲಿಲ್ಲ. ಪ್ಯಾಸೇಜ್ ಪ್ಲ್ಯಾನ್ (ಪ್ರಯಾಣದ ಮಾರ್ಗದ ಯೋಜನೆ) ಬದಲಾದಾಗ ಎಲೆಕ್ಟ್ರಾನಿಕ್ ಮಾರ್ಗವನ್ನೂ ಜೊತೆಗೇ ಬದಲಿಸಬೇಕು ಅನ್ನುವ ಸರಿಯಾದ ಮಾರ್ಗದರ್ಶನ ಎಸ್‌ಎಂಎಸ್‌ನಲ್ಲಿ (ಕಂಪನಿಯ ಸುರಕ್ಷತಾ ನಿರ್ವಹಣಾ ವ್ಯವಸ್ಥೆ) ಇರಲಿಲ್ಲ. ಕೊನೆಯ ಅರ್ಧ ಗಂಟೆ ಕಣ್ಣಿಗೆ ಎಚ್ಚರಿಕೆ ಕೊಡುವಂಥದ್ದು ಸಮುದ್ರದಲ್ಲಿ ಏನೂ ಇರಲಿಲ್ಲ. ಆ ಜಾಗಕ್ಕೆ ಆಗ ದಡದಿಂದ ನಿಗಾ ಇಡುವ ವಿಟಿಎಸ್ ವ್ಯಾಪ್ತಿಯೂ ಇರಲಿಲ್ಲ.

ಈಗ ನೋಡಿ, ಇವುಗಳಲ್ಲಿ ಯಾವುದಕ್ಕೆ "ಮತ್ತೊಮ್ಮೆ ತರಬೇತಿ" ಮದ್ದು? ಕೋರ್ಸ್ ಬದಲಿಸಬೇಕು ಅಂತ ಚೀಫ್ ಮೇಟ್‌ಗೆ ಗೊತ್ತಿಲ್ಲದೆ ಇರಲಿಲ್ಲ. ಗ್ಲ್ಯಾಡ್‌ಸ್ಟನ್ ಬಿಡುವ ಮೊದಲೇ, "ಮೇಟ್ ಎಷ್ಟು ಹೊತ್ತು ಮಲಗಿದ್ದಾರೆ, ಮೊದಲ ವಾಚ್ ಯಾರು ಹಿಡಿಯುತ್ತಾರೆ" ಅನ್ನುವ ಒಂದು ಪ್ರಶ್ನೆ ಡಿಪಾರ್ಚರ್ ಚೆಕ್‌ಲಿಸ್ಟ್‌ನಲ್ಲಿ ಇದ್ದಿದ್ದರೆ ಕ್ಯಾಪ್ಟನ್ ಕೈಯಲ್ಲಿ ದಾರಿಗಳು ಇದ್ದವು: ತಾವೇ ವಾಚ್ ಹಿಡಿಯಬಹುದು, ಸರದಿ ಬದಲಿಸಬಹುದು, ಲಂಗರು ಹಾಕಿ ಆರು ಗಂಟೆ ಕಾಯಬಹುದು. ಅಳೆಯಬೇಕಾದ್ದು ಇದನ್ನು. ತಪ್ಪು ಆಗುವ ಮುಂಚೆ ಇದ್ದ ಪರಿಸ್ಥಿತಿಯನ್ನು.

ಲಂಗರು

ಎರಡನೇ ಪ್ರಶ್ನೆಗೆ ಉತ್ತರ: ಶೀಟನ್ನು ಒಂಟಿಯಾಗಿ ನೋಡಿದರೆ ನಂಬಬೇಡಿ. ವರ್ಲ್ಡ್ ಮ್ಯಾರಿಟೈಮ್ ಯೂನಿವರ್ಸಿಟಿ 2020ರಲ್ಲಿ ಕೆಲಸ ಮತ್ತು ವಿಶ್ರಾಂತಿಯ ದಾಖಲೆಗಳ ಬಗ್ಗೆ ಮಾಡಿದ ಅಧ್ಯಯನ ಹೇಳಿದ್ದೇ ಅದನ್ನು. ದಾಖಲೆಯನ್ನು ನಿಯಮಕ್ಕೆ ತಕ್ಕ ಹಾಗೆ ಹೊಂದಿಸುವುದು ಈ ವೃತ್ತಿಯಲ್ಲಿ ರೂಢಿಯಾಗಿಬಿಟ್ಟಿದೆ.

ನಿಯಮ ಎಲ್ಲರಿಗೂ ಗೊತ್ತು. ಯಾವ 24 ಗಂಟೆ ತೆಗೆದುಕೊಂಡರೂ 10 ಗಂಟೆ ವಿಶ್ರಾಂತಿ, 7 ದಿನಕ್ಕೆ 77. ಆ 10 ಗಂಟೆಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವ ಹಾಗಿಲ್ಲ, ಒಂದು ತುಂಡು ಕಡಿಮೆ ಅಂದರೂ 6 ಗಂಟೆ, ಎರಡು ವಿಶ್ರಾಂತಿಗಳ ನಡುವೆ 14 ಗಂಟೆ ಮೀರಬಾರದು. ಈಗ ಇಬ್ಬರೇ ವಾಚ್ ಹಿಡಿಯುವ ಸಣ್ಣ ಹಡಗಿನ ಆರು-ಆರು ಪಾಳಿ ತೆಗೆದುಕೊಳ್ಳಿ. ದಿನಕ್ಕೆ 12, ವಾರಕ್ಕೆ 84 ಗಂಟೆ ಬಿಡುವು. ನಿಯಮಕ್ಕಿಂತ ವಾರಕ್ಕೆ 7 ಗಂಟೆ ಮಾತ್ರ ಹೆಚ್ಚು. ಡ್ರಿಲ್, ಮೂರಿಂಗ್ (ಹಡಗನ್ನು ದಡಕ್ಕೆ ಹಗ್ಗದಿಂದ ಕಟ್ಟುವುದು) ಸ್ಟೇಷನ್, ಬಂದರಿನ ಕಾಗದಪತ್ರ ಎಲ್ಲ ಸೇರಿ ವಾರಕ್ಕೆ 7 ಗಂಟೆ ದಾಟದ ಹಡಗು ಎಲ್ಲಿದೆ? ಇನ್ನೊಂದು ಸೂಕ್ಷ್ಮ ಇದೆ, ಆಡಿಟರ್‌ಗಳೂ ಇದನ್ನು ಕೇಳುವುದು ಕಡಿಮೆ. ಆರು-ಆರರಲ್ಲಿ ಬಿಡುವಿನ ಎರಡು ತುಂಡೂ ಸರಿಯಾಗಿ 6 ಗಂಟೆ. ಹ್ಯಾಂಡೋವರ್‌ಗೆ ಎರಡು ಸಲವೂ 15 ನಿಮಿಷ ಹೆಚ್ಚು ಹಿಡಿದರೆ 6 ಗಂಟೆಯ ತುಂಡು ಒಂದೂ ಉಳಿಯುವುದಿಲ್ಲ. ಅಂದರೆ ವಾಚನ್ನು ನೆಟ್ಟಗೆ ಒಪ್ಪಿಸಿಕೊಟ್ಟವರೇ ನಿಯಮ ಮುರಿದವರಾಗುತ್ತಾರೆ. ಆದರೂ ಶೀಟ್‌ನಲ್ಲಿ ಎಲ್ಲ ಹಸಿರು ಕಂಡರೆ ಅದು ಹೊಂದಿಸಿದ ಶೀಟ್.

ತಾಳೆ ನೋಡುವುದು ಹೀಗೆ. ಬಂದರಿಗೆ ಹೋಗಿ ಬಂದ ಮೂರು ದಿನ ಆರಿಸಿಕೊಳ್ಳಿ, ಸಮುದ್ರದ ಮಧ್ಯದ ದಿನಗಳಲ್ಲ. ಚೀಫ್ ಮೇಟ್, ಸೆಕೆಂಡ್ ಎಂಜಿನಿಯರ್, ಪಂಪ್‌ಮ್ಯಾನ್ ಅಥವಾ ಬೋಸನ್ (ಡೆಕ್ ಕೆಲಸಗಾರರ ಮುಖ್ಯಸ್ಥ), ಕುಕ್, ಈ ನಾಲ್ವರ ಶೀಟ್ ತೆಗೆಯಿರಿ. ಪಕ್ಕದಲ್ಲಿ ಬಂದರಿನ ಸ್ಟೇಟ್‌ಮೆಂಟ್ ಆಫ್ ಫ್ಯಾಕ್ಟ್ಸ್ (ಅಲ್ಲಿ ಯಾವಾಗ ಏನು ನಡೆಯಿತು ಅನ್ನುವ ಪಟ್ಟಿ), ಪೈಲಟ್ ಹತ್ತಿ ಇಳಿದ ಸಮಯ, ಡೆಕ್ ಲಾಗ್, ಪರ್ಮಿಟ್ ಟು ವರ್ಕ್ (ಅಪಾಯದ ಕೆಲಸಕ್ಕೆ ಅನುಮತಿ) ಸಹಿಗಳು, ಆಯಿಲ್ ರೆಕಾರ್ಡ್ ಬುಕ್, ಡ್ರಿಲ್ ದಾಖಲೆ ಇಡಿ. ಮೇಟ್ 22:00ರಿಂದ 06:00 ಮಲಗಿದ್ದರು ಅಂತ ಶೀಟ್ ಹೇಳುತ್ತಿದ್ದು, ರಾತ್ರಿ 02:00ರ ಡ್ರಾಫ್ಟ್ ಸರ್ವೇ (ಹಡಗು ಎಷ್ಟು ಮುಳುಗಿದೆ ಅಂತ ಅಳೆದು ಸರಕಿನ ತೂಕ ನೋಡುವುದು) ಕಾಗದದಲ್ಲಿ ಅವರದ್ದೇ ಸಹಿ ಇದ್ದರೆ ಉತ್ತರ ಸಿಕ್ಕಿತು. ಸಿಕ್ಕ ಮೇಲೆ ಮೇಟ್ ಮೇಲೆ ಹರಿಹಾಯಬೇಡಿ. ಅವರು ಹಾಗೆ ಬರೆಯುವುದಕ್ಕೆ ಕಾರಣ ಆಫೀಸು. ನಿಜ ಬರೆದರೆ ಮರುದಿನ ವಿವರಣೆ ಕೇಳಿ ಈಮೇಲ್ ಬರುತ್ತದೆ, ಮತ್ತೊಬ್ಬ ಮೇಟ್ ಮಾತ್ರ ಬರುವುದಿಲ್ಲ.

ಎಂಜಿನ್ ರೂಮ್

ಲಂಗರು ಸರ್ ಹೇಳಿದ ಪಟ್ಟಿಗೆ ಕೆಳಗಿನ ಡೆಕ್ ಸೇರಿಸಿ. ರಾತ್ರಿ ಎಂಜಿನ್ ರೂಮ್ ಯುಎಂಎಸ್ (ಒಳಗೆ ಯಾರೂ ಇಲ್ಲದೆ ಅಲಾರಂ ಮೇಲೆ ನಡೆಯುವುದು) ಇದ್ದಾಗ ಡ್ಯೂಟಿ ಎಂಜಿನಿಯರ್ ಕ್ಯಾಬಿನ್‌ನಲ್ಲಿ ವಿಶ್ರಾಂತಿಯಲ್ಲಿ ಇದ್ದಾರೆ ಅಂತ ಲೆಕ್ಕ. 01:20ಕ್ಕೆ ಒಂದು ಅಲಾರಂ, 03:10ಕ್ಕೆ ಮತ್ತೊಂದು, ಇಳಿದು ಹತ್ತಿ ಬರುವಾಗ ನಲವತ್ತು ನಲವತ್ತು ನಿಮಿಷ. ಶೀಟ್‌ನಲ್ಲಿ ಅಷ್ಟೂ ವಿಶ್ರಾಂತಿ. ಎಸ್‌ಟಿಸಿಡಬ್ಲ್ಯೂ ಕೋಡ್ (ನಾವಿಕರ ತರಬೇತಿ ಮತ್ತು ವಾಚ್‌ನ ಅಂತರರಾಷ್ಟ್ರೀಯ ನಿಯಮ) ಸ್ಪಷ್ಟವಾಗಿ ಹೇಳುತ್ತದೆ: ಆನ್ ಕಾಲ್ ಇದ್ದವರನ್ನು ಎಬ್ಬಿಸಿದರೆ ಬದಲಿಗೆ ಸಾಕಷ್ಟು ವಿಶ್ರಾಂತಿ ಕೊಡಬೇಕು. ಕೊಟ್ಟರಾ ಅಂತ ನೋಡುವುದು ಸುಲಭ. ಅಲಾರಂ ಲಾಗ್‌ನ ಪ್ರಿಂಟ್ ತೆಗೆದು ಶೀಟ್ ಪಕ್ಕ ಇಡಿ. ಯಂತ್ರ ಬರೆದಿಟ್ಟ ಸಮಯವನ್ನು ಯಾರೂ ಹೊಂದಿಸಲಾಗುವುದಿಲ್ಲ. ಒಂದೇ ಅಲಾರಂ ರಾತ್ರಿಯಲ್ಲಿ ಪದೇ ಪದೇ ಬರುತ್ತಿದ್ದರೆ, ಉದಾಹರಣೆಗೆ ಬಿಲ್ಜ್ ವೆಲ್‌ನ (ತಳದಲ್ಲಿ ಕೊಳಕು ನೀರು ಸೇರುವ ಗುಂಡಿ) ಫ್ಲೋಟ್ ಕೆಟ್ಟು, ಆ ಫ್ಲೋಟ್ ರಿಪೇರಿಯೇ ನಿಮ್ಮ ಆಯಾಸ ನಿರ್ವಹಣೆ. ಪೋಸ್ಟರ್ ಅಂಟಿಸಿದರೆ ಆಗುವ ಕೆಲಸ ಅಲ್ಲ.

ಮೊದಲ ಪ್ರಶ್ನೆಗೂ ಒಂದು ಮಾತು. ಎಲ್ಲ ಕೆಲಸವನ್ನೂ ಅಳೆಯಲು ಹೋಗಬೇಡಿ. ತಪ್ಪಾದರೆ ಜೀವ ಹೋಗುವ, ಎಣ್ಣೆ ಚೆಲ್ಲುವ, ಹಡಗು ಕೈತಪ್ಪುವ ಎಂಟು ಹತ್ತು ಕೆಲಸ ಆರಿಸಿ: ಮೂರಿಂಗ್, ಮುಚ್ಚಿದ ಜಾಗಕ್ಕೆ ಇಳಿಯುವುದು, ಬಂಕರಿಂಗ್ (ಹಡಗಿಗೆ ಇಂಧನ ತುಂಬುವುದು), ಪೈಲಟ್ ಹತ್ತುವುದು, ಹಾಟ್ ವರ್ಕ್ (ವೆಲ್ಡಿಂಗ್‌ನಂಥ ಬೆಂಕಿಯ ಕೆಲಸ), ಲೈಫ್‌ಬೋಟ್ ಇಳಿಸುವುದು, ಸ್ಟಿಯರಿಂಗ್ ಎಮರ್ಜೆನ್ಸಿಗೆ ಬದಲಿಸುವುದು, ಬ್ಲ್ಯಾಕ್‌ಔಟ್ ಆದ ಮೇಲೆ ಚೇತರಿಕೆ. ಪ್ರತಿಯೊಂದಕ್ಕೂ ಕೇಳಬೇಕಾದ ಮೊದಲ ಪ್ರಶ್ನೆ: ಬೇಕಾದ ಸಮಯ ಎಷ್ಟು, ಇರುವ ಸಮಯ ಎಷ್ಟು?

ಬಂಕರಿಂಗ್ ತೆಗೆದುಕೊಳ್ಳಿ. 500 ಘನ ಮೀಟರ್ ಟ್ಯಾಂಕ್, ಗಂಟೆಗೆ 200 ಘನ ಮೀಟರ್ ವೇಗದಲ್ಲಿ ಎಣ್ಣೆ ಬರುತ್ತಿದೆ. 80 ಶೇಕಡಾದಿಂದ ನಿಲ್ಲಿಸಬೇಕಾದ 90 ಶೇಕಡಾಕ್ಕೆ 50 ಘನ ಮೀಟರ್, ಅಂದರೆ 15 ನಿಮಿಷ. ಸೌಂಡಿಂಗ್ ಪೈಪ್ (ಟ್ಯಾಂಕಿನ ಮಟ್ಟ ಅಳೆಯುವ ಕೊಳವೆ) ಇರುವುದು ಡೆಕ್‌ನ ಆ ತುದಿಯಲ್ಲಿ. ಟೇಪ್ ಇಳಿಸಿ, ಒರೆಸಿ, ಓದಿ, ಟ್ರಿಮ್ (ಹಡಗು ಮುಂದೆ ಹಿಂದೆ ವಾಲಿರುವುದು) ತಿದ್ದುಪಡಿ ನೋಡಿ, ಟೇಬಲ್‌ನಿಂದ ಘನ ಅಳತೆ ತೆಗೆದು ವಾಕಿಟಾಕಿಯಲ್ಲಿ ಹೇಳುವಷ್ಟರಲ್ಲಿ 7 ನಿಮಿಷ. ಒಬ್ಬನೇ ಇದ್ದರೆ ಆ 15 ನಿಮಿಷದಲ್ಲಿ ಎರಡು ಓದಿಗಿಂತ ಹೆಚ್ಚು ಸಿಗುವುದಿಲ್ಲ. ಎರಡನೆಯ ಓದು ತಪ್ಪಿದರೆ ಮುಂದಿನದು 90 ಶೇಕಡಾ ದಾಟಿದ ಮೇಲೆ. ವೇಗವನ್ನು 50ಕ್ಕೆ ಇಳಿಸಿ, ಅದೇ 15 ನಿಮಿಷ ಒಂದು ಗಂಟೆ ಆಗುತ್ತದೆ, ಎಂಟು ಓದು ಸಿಗುತ್ತದೆ. ಬಾರ್ಜ್‌ನವರ ಜೊತೆ ಮೊದಲೇ ಒಪ್ಪಿ ಕಾಗದದಲ್ಲಿ ಬರೆಯಬೇಕಾದ ಸಂಖ್ಯೆ ಇದು. "ಎಚ್ಚರಿಕೆಯಿಂದ ಟಾಪ್ ಆಫ್ ಮಾಡಿ" ಅಂತ ಬರೆದರೆ ಯಾರಿಗೂ ಏನೂ ಹೇಳಿದ ಹಾಗಾಗಲಿಲ್ಲ.

ಥರ್ಡ್ ಮೇಟ್ 23

ನಮಸ್ಕಾರ ಎಲ್ಲರಿಗೂ. ಧಕ್ಕೆ ಸರ್ ಅವರ ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಹಾರ್ಟ್ (ಎಚ್‌ಇಎಆರ್‌ಟಿ, ಮನುಷ್ಯರ ತಪ್ಪಿನ ಸಂಭವ ಲೆಕ್ಕ ಹಾಕುವುದು) ಅನ್ನುವ ವಿಧಾನದ ಹೆಸರು ಕೋರ್ಸ್‌ಗಳಲ್ಲಿ ಬರುತ್ತದೆ. ಹಡಗಿನ ಕೆಲಸಕ್ಕೆ ಹಾಕಿ ತೋರಿಸಬಹುದಾ?

ಅಂಕಿಲೆಕ್ಕ

ತೋರಿಸುತ್ತೇನೆ. ಹಾರ್ಟ್ 1980ರ ದಶಕದಲ್ಲಿ ವಿಲಿಯಮ್ಸ್ ಎಂಬವರು ರೂಪಿಸಿದ ವಿಧಾನ. ಹಡಗಿಗಾಗಿ ಮಾಡಿದ್ದಲ್ಲ, ಅದು ನೆನಪಿರಲಿ. ಮೊದಲು ಕೆಲಸದ ಬಗೆ ಆರಿಸಬೇಕು, ಪ್ರತಿ ಬಗೆಗೆ ಒಂದು ಮೂಲ ಸಂಭವನೀಯತೆ ಇದೆ. ದಿನವೂ ಮಾಡಿ ಕೈ ಪಳಗಿದ, ಬೇಗ ಮುಗಿಯುವ ಕೆಲಸಕ್ಕೆ 0.02, ಅಂದರೆ 100ಕ್ಕೆ 2 ಸಲ ತಪ್ಪು. ಆಮೇಲೆ ತಪ್ಪಿಗೆ ಎಡೆ ಮಾಡುವ ಪರಿಸ್ಥಿತಿಗಳು. ಸಮಯದ ಕೊರತೆಗೆ ಗರಿಷ್ಠ 11 ಪಟ್ಟು, ಬೇರೆಯವರು ಪರೀಕ್ಷಿಸದಿದ್ದರೆ 3 ಪಟ್ಟು, ಅನುಭವ ಇಲ್ಲದಿದ್ದರೆ 3 ಪಟ್ಟು, ಹೀಗೆ. ಅದು ಈ ಸಂದರ್ಭದಲ್ಲಿ ಎಷ್ಟರ ಮಟ್ಟಿಗೆ ಇದೆ ಅಂತ 0ಯಿಂದ 1ರ ಒಳಗೆ ನೀವು ಅಂದಾಜು ಮಾಡಬೇಕು. ಪಟ್ಟಿನಲ್ಲಿ 1 ಕಳೆದು, ಅಂದಾಜಿನಿಂದ ಗುಣಿಸಿ, ಮತ್ತೆ 1 ಕೂಡಿಸಬೇಕು. ಬಂದ ಸಂಖ್ಯೆಗಳನ್ನೆಲ್ಲ ಮೂಲ ಸಂಖ್ಯೆಗೆ ಗುಣಿಸಿದರೆ ಮುಗಿಯಿತು.

ಬಂಕರ್ ವಾಲ್ವ್ ಸಾಲು ಹೊಂದಿಸುವ ಕೆಲಸ: ಮೂಲ 0.02. ಅವಸರ ಸ್ವಲ್ಪ ಇದೆ, 0.2 ಅನ್ನೋಣ. 11ರಲ್ಲಿ 1 ಕಳೆದರೆ 10, ಅದರ 0.2 ಪಾಲು 2, ಒಂದು ಕೂಡಿಸಿ 3. ಎರಡನೆಯವರು ಬಂದು ನೋಡುವುದು ಅರೆಬರೆ, 0.5 ಅನ್ನೋಣ. ಅದು 2 ಬರುತ್ತದೆ. 0.02 × 3 × 2 = 0.12. ನೂರಕ್ಕೆ ಹನ್ನೆರಡು.

ಇದರ ಉಪಯೋಗ 0.12 ಅನ್ನುವ ಸಂಖ್ಯೆಯಲ್ಲಿಲ್ಲ. ಪರಿಹಾರಗಳನ್ನು ಅಕ್ಕಪಕ್ಕ ಇಟ್ಟು ತೂಗುವುದರಲ್ಲಿದೆ. ಎರಡನೆಯವರ ಪರೀಕ್ಷೆಯನ್ನು ನಿಜಕ್ಕೂ ಸ್ವತಂತ್ರ ಮಾಡಿದರೆ 0.06. ಅದರ ಬದಲು ಅವಸರವನ್ನು 0.2ರಿಂದ 0.05ಕ್ಕೆ ಇಳಿಸಿದರೂ 0.06. ಎರಡೂ ಮಾಡಿದರೆ 0.03. ಈಗ ಮತ್ತೊಮ್ಮೆ ತರಬೇತಿ ಕೊಡಿ. ಆ ಎಂಜಿನಿಯರ್‌ಗೆ ಹತ್ತು ವರ್ಷದ ಅನುಭವ ಇದೆ, ಅನುಭವದ ಕೊರತೆ ಅನ್ನುವ ಅಂಶ ಲೆಕ್ಕದಲ್ಲೇ ಇರಲಿಲ್ಲ. 0.12 ಇದ್ದದ್ದು 0.12 ಆಗಿಯೇ ಉಳಿಯುತ್ತದೆ. ಧಕ್ಕೆ ಅವರ ಫಾರಂನ ಕೊನೆಯ ಕಾಲಂಗೆ ಇದೇ ಉತ್ತರ.

ಲಂಗರು

ಲೆಕ್ಕ ಸರಿ, ಆದರೆ ಅಪಾಯದ ಕಡೆಯನ್ನೂ ಹೇಳಿ ಸ್ವಾಮಿ. ಅದೇ ಹಾರ್ಟ್ ಪಟ್ಟಿಯಲ್ಲಿ ನಿದ್ದೆಯ ಸರದಿ ಕೆಟ್ಟಿರುವುದಕ್ಕೆ ಇರುವ ಗರಿಷ್ಠ ಪಟ್ಟು 1.1 ಮಾತ್ರ. ಶೆನ್ ನೆಂಗ್ 1ರ ಮೇಟ್‌ಗೆ ಅದನ್ನು ಪೂರ್ತಿಯಾಗಿ ಹಾಕಿದರೂ ತಪ್ಪಿನ ಸಂಭವ ಹತ್ತು ಶೇಕಡಾ ಏರುತ್ತದೆ ಅಷ್ಟೆ. ಎರಡೂವರೆ ಗಂಟೆ ನಿದ್ದೆ ಮಾಡಿದವರ ಬಗ್ಗೆ ಇದನ್ನು ಒಪ್ಪಲು ಸಾಧ್ಯವಾ? 17 ಗಂಟೆ ಎಚ್ಚರ ಇದ್ದವರ ಚುರುಕು ರಕ್ತದಲ್ಲಿ 0.05 ಶೇಕಡಾ ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಅಂತ ಪ್ರಯೋಗಗಳು ತೋರಿಸಿವೆ. ಎಸ್‌ಟಿಸಿಡಬ್ಲ್ಯೂ ಮದ್ಯಕ್ಕೆ ಹಾಕಿರುವ ಮಿತಿಯೂ ಅದೇ 0.05. ಮದ್ಯಕ್ಕೆ ಊದಿಸಿ ನೋಡುವ ಯಂತ್ರ ಹಡಗಿನಲ್ಲಿ ಇದೆ, ಎಷ್ಟು ಗಂಟೆಯಿಂದ ಎದ್ದಿದ್ದೀರಿ ಅಂತ ಕೇಳುವವರಿಲ್ಲ.

ಹಾಗಾಗಿ ಆಯಾಸವನ್ನು ಹಾರ್ಟ್‌ನಿಂದ ಅಳೆಯಬೇಡಿ. ಐಎಂಒದ (ಅಂತರರಾಷ್ಟ್ರೀಯ ಸಾಗರ ಸಂಸ್ಥೆ) 2019ರ ಆಯಾಸ ಮಾರ್ಗಸೂಚಿ, ಸುತ್ತೋಲೆ 1598, ಅದಕ್ಕೆ ಹೆಚ್ಚು ಉಪಯೋಗ. ಕೇಳಬೇಕಾದ್ದು ನಾಲ್ಕು: ಹಿಂದಿನ 24 ಮತ್ತು 72 ಗಂಟೆಯಲ್ಲಿ ಎಷ್ಟು ನಿದ್ದೆ, ಎದ್ದು ಎಷ್ಟು ಹೊತ್ತಾಯಿತು, ನಿದ್ದೆ ತುಂಡು ತುಂಡಾಗಿತ್ತಾ, ಕೆಲಸ ಬೆಳಗಿನ ಜಾವ ಮೂರರಿಂದ ಐದರೊಳಗೆ ಬೀಳುತ್ತದಾ. ವಿಶ್ರಾಂತಿ ಬೇರೆ, ನಿದ್ದೆ ಬೇರೆ. ಆರು ಗಂಟೆ ಬಿಡುವಿನಲ್ಲಿ ಊಟ, ಸ್ನಾನ, ಮನೆಗೆ ಒಂದು ಫೋನ್ ಕಳೆದರೆ ಉಳಿಯುವುದು ನಾಲ್ಕೂವರೆ.

ಅಂಕಿಲೆಕ್ಕ

ಒಪ್ಪಿದೆ. ಆಯಾಸದ ವಿಷಯದಲ್ಲಿ ಆ ಪಟ್ಟಿ ದುರ್ಬಲ. ಕೆಲಸದ ಹಂತಗಳನ್ನು ಹೋಲಿಸುವುದಕ್ಕೆ ಮಾತ್ರ ಇಟ್ಟುಕೊಳ್ಳಿ. ಇನ್ನೊಂದು, 0.2 ಅಥವಾ 0.5 ಅನ್ನುವ ಅಂದಾಜನ್ನು ಆಫೀಸಿನಲ್ಲಿ ಕೂತು ಹಾಕಬೇಡಿ. ಆ ಕೆಲಸ ಮಾಡುವ ಇಬ್ಬರಿಂದ ಬೇರೆ ಬೇರೆಯಾಗಿ ಕೇಳಿ. ಇಬ್ಬರ ಅಂದಾಜು ತುಂಬಾ ದೂರ ಇದ್ದರೆ ಸರಾಸರಿ ತೆಗೆಯಬೇಡಿ, ಯಾಕೆ ದೂರ ಇದೆ ಅಂತ ಕೇಳಿ.

ಚುಕ್ಕಾಣಿ

ಅಂಕಿ ಬೇಡ ಅನ್ನುವವರಿಗೆ ಟ್ಯಾಂಕರ್ ಕಡೆಯ ದಾರಿ ಇದೆ. 2024ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಸೈರ್ 2.0 (ತೈಲ ಕಂಪನಿಗಳು ಟ್ಯಾಂಕರ್‌ಗಳಿಗೆ ಮಾಡಿಸುವ) ತಪಾಸಣೆಯಲ್ಲಿ ಇನ್ಸ್‌ಪೆಕ್ಟರ್ ಯಂತ್ರ ಮತ್ತು ಕಾಗದದ ಜೊತೆ ಮನುಷ್ಯರನ್ನೂ ಪ್ರತ್ಯೇಕವಾಗಿ ಗುರುತಿಸಬೇಕು: ನಿರೀಕ್ಷೆಗಿಂತ ಮೇಲೆ, ನಿರೀಕ್ಷೆಯಷ್ಟು, ಬಹುಮಟ್ಟಿಗೆ ನಿರೀಕ್ಷೆಯಷ್ಟು, ನಿರೀಕ್ಷೆಗಿಂತ ಕೆಳಗೆ. ಕೆಳಗೆ ಅಂತ ಬರೆದರೆ ಯಾವ ಪರಿಸ್ಥಿತಿ ಕಾರಣ ಅಂತಲೂ ಗುರುತಿಸಬೇಕು. ಆ ಕಾರಣಗಳು ಒಂಬತ್ತು. ಕೆಲಸದ ಯಾವ ಹಂತ ಪ್ರಾಣಕ್ಕೆ ಸಂಬಂಧಪಟ್ಟದ್ದು ಅನ್ನುವ ಅರಿವು, ವಿಧಾನಪುಸ್ತಕ ಬಳಸುವ ರೂಢಿ, ಆ ಪುಸ್ತಕವೇ ಅರ್ಥವಾಗುವ ಹಾಗೆ ಮತ್ತು ಸರಿಯಾಗಿ ಇದೆಯಾ ಅನ್ನುವುದು, ತಂಡದ ಮಾತುಕತೆ, ಒತ್ತಡ ಮತ್ತು ಆಯಾಸ ಮತ್ತು ಸಮಯದ ಕೊರತೆ, ಮನಸ್ಥಿತಿ, ಕೆಲಸದ ಜಾಗದ ವಿನ್ಯಾಸ ಮತ್ತು ಉಪಕರಣ, ಯಂತ್ರದ ಜೊತೆಗಿನ ಸಂಪರ್ಕ, ಕಲಿಯಲು ಸಿಕ್ಕ ಅವಕಾಶ. ನೀವು ಬಲ್ಕ್ ಕ್ಯಾರಿಯರ್ ನಡೆಸಿದರೂ ಈ ಒಂಬತ್ತನ್ನು ನಿಮ್ಮ ವರದಿ ಫಾರಂಗೆ ಹಾಕಿಕೊಳ್ಳಬಹುದು. "ಹ್ಯೂಮನ್ ಎರರ್" ಅನ್ನುವ ಒಂದು ಡಬ್ಬಿಯ ಬದಲು ಒಂಬತ್ತು ಡಬ್ಬಿ ಆಗುತ್ತದೆ, ಅದೇ ದೊಡ್ಡ ಬದಲಾವಣೆ.

ತುಂಬುವುದು ಹೇಗೆ ಅಂದರೆ, ಕೆಲಸ ಮಾಡುವವರನ್ನು ಆ ಜಾಗಕ್ಕೇ ಕರೆದುಕೊಂಡು ಹೋಗಿ "ಮಾಡಿ ತೋರಿಸುತ್ತಾ ಹೇಳಿ" ಅನ್ನಿ. ಪುಸ್ತಕ ನಿಮ್ಮ ಕೈಯಲ್ಲಿರಲಿ, ಅವರ ಕೈಯಲ್ಲಿ ಬೇಡ. ಪುಸ್ತಕದಲ್ಲಿ ಇಲ್ಲದ ಹಂತ ಅವರು ಮಾಡಿದರೆ, ಇರುವ ಹಂತ ಬಿಟ್ಟರೆ ಗುರುತು ಹಾಕಿಕೊಳ್ಳಿ, ಅಲ್ಲೇ ತಿದ್ದಬೇಡಿ. ಪ್ರತಿ ಹಂತದಲ್ಲಿ ಐದು ಸಂಗತಿ ನೋಡಿ: ಬಿಟ್ಟುಹೋಗಬಹುದಾ, ಹಿಂದುಮುಂದಾಗಬಹುದಾ, ಪಕ್ಕದ ವಾಲ್ವ್ ಅಥವಾ ಸ್ವಿಚ್‌ಗೆ ಕೈ ಹೋಗಬಹುದಾ, ಬೇಗ ಅಥವಾ ತಡ ಆಗಬಹುದಾ, ಆದರೆ ತಕ್ಷಣ ಗೊತ್ತಾಗುತ್ತದಾ. ಐದನೆಯದು ಎಲ್ಲಕ್ಕಿಂತ ಮುಖ್ಯ. ತಕ್ಷಣ ಗೊತ್ತಾಗುವ ತಪ್ಪನ್ನು ಮನುಷ್ಯರೇ ಸರಿ ಮಾಡಿಕೊಳ್ಳುತ್ತಾರೆ.

ಗೊತ್ತಾಗದ ತಪ್ಪಿಗೆ ಉದಾಹರಣೆ ಓವಿಟ್. 2013ರ ಸೆಪ್ಟೆಂಬರ್‌ನಲ್ಲಿ ಡೋವರ್ ಜಲಸಂಧಿಯ ವಾರ್ನ್ ದಿಬ್ಬದ ಮೇಲೆ ಹತ್ತಿದ ಟ್ಯಾಂಕರ್. ಮಾರ್ಗ ದಿಬ್ಬದ ಮೇಲೇ ಹಾಕಿತ್ತು, ಹಾಕಿದವರು ಅನುಭವ ಕಡಿಮೆ ಇದ್ದ ಅಧಿಕಾರಿ, ಮೇಲಿನವರು ಪರಿಶೀಲಿಸಿರಲಿಲ್ಲ, ಎಕ್ಡಿಸ್‌ನ (ಎಲೆಕ್ಟ್ರಾನಿಕ್ ಚಾರ್ಟ್ ತೋರಿಸುವ ಯಂತ್ರ) ಸದ್ದು ಮಾಡುವ ಅಲಾರಂ ಕೆಲಸ ಮಾಡುತ್ತಿರಲಿಲ್ಲ. ಹಡಗು ನಿಂತಿದೆ ಅನ್ನುವುದೇ ವಾಚ್ ಅಧಿಕಾರಿಗೆ ಗೊತ್ತಾಗಲು ಹತ್ತಿಪ್ಪತ್ತು ನಿಮಿಷ ಬೇಕಾಯಿತು. ಬ್ರಿಜ್‌ನಲ್ಲಿ ವಾಕ್‌ಥ್ರೂ ಮಾಡುವಾಗ ಎಕ್ಡಿಸ್ ಅಲಾರಂ ಕಿವಿಗೆ ಕೇಳಿಸುತ್ತದಾ ಅಂತ ಬಾರಿಸಿಯೇ ನೋಡಿ. ಸರ್ಟಿಫಿಕೇಟ್ ನೋಡಿದರೆ ಸಾಲದು.

ಥರ್ಡ್ ಮೇಟ್ 23

ಬಿಎನ್‌ವಾಸ್ (ಬ್ರಿಜ್‌ನಲ್ಲಿರುವವರು ಎಚ್ಚರವಿದ್ದಾರಾ ಅಂತ ನೋಡುವ ಅಲಾರಂ) ಇದ್ದರೆ ಇಂಥದ್ದು ತಪ್ಪುವುದಿಲ್ಲವಾ ಸರ್?

ನಾಲ್ಕೆಂಟು ವಾಚ್

ಇಲ್ಲ ತಮ್ಮಾ. ಬಿಎನ್‌ವಾಸ್ 3ರಿಂದ 12 ನಿಮಿಷದೊಳಗೆ ಎಷ್ಟಕ್ಕೆ ಇಟ್ಟಿರುತ್ತಾರೋ ಅಷ್ಟಕ್ಕೊಮ್ಮೆ ದೀಪ ಮಿನುಗಿಸುತ್ತದೆ. 15 ಸೆಕೆಂಡ್‌ನಲ್ಲಿ ಒತ್ತದಿದ್ದರೆ ಬ್ರಿಜ್‌ನಲ್ಲಿ ಸದ್ದು, ಇನ್ನೊಂದು 15ಕ್ಕೆ ಕ್ಯಾಪ್ಟನ್ ಅಥವಾ ಬದಲಿ ಅಧಿಕಾರಿಯ ಕ್ಯಾಬಿನ್‌ನಲ್ಲಿ. ಅದು ನಿದ್ದೆ ಹೋದವರನ್ನು ಹಿಡಿಯುತ್ತದೆ. ಎಚ್ಚರವಿದ್ದು ಮಂಕಾದವರ ಕೈ ತಾನಾಗಿಯೇ ಗುಂಡಿ ಒತ್ತುತ್ತಿರುತ್ತದೆ.

ಧಕ್ಕೆ

ತುಂಬಾ ಸಿಕ್ಕಿತು, ಎಲ್ಲರಿಗೂ ಧನ್ಯವಾದ. ಮೂರಿಂಗ್ ಬಗ್ಗೆ ಯಾರಾದರೂ ಬರೆಯಿರಿ. ಸ್ನ್ಯಾಪ್ ಬ್ಯಾಕ್ (ತುಂಡಾದ ಹಗ್ಗ ಹಿಂದಕ್ಕೆ ಚಿಮ್ಮುವ) ಜಾಗಕ್ಕೆ ಹಳದಿ ಬಣ್ಣ ಬಳಿದಿದ್ದೇವೆ, ಆಡಿಟ್‌ನಲ್ಲಿ ಅದನ್ನೇ ತೋರಿಸುತ್ತೇವೆ. ಸಾಕಾ?

ಬೋಸನ್ ಸ್ಟೋರ್

ಸಾಲದು. ಕೆಲವು ಸಲ ಬಣ್ಣವೇ ಅಪಾಯ. ಗೆರೆಯ ಹೊರಗೆ ನಿಂತರೆ ಬಚಾವ್ ಅನ್ನುವ ನಂಬಿಕೆ ಹುಟ್ಟಿಸುತ್ತದೆ. ಹಗ್ಗ ಪೆಡೆಸ್ಟಲ್ ರೋಲರ್ (ಹಗ್ಗದ ದಿಕ್ಕು ತಿರುಗಿಸುವ ಉರುಳೆ) ಸುತ್ತಿ ಬಂದಿದ್ದರೆ ತುಂಡಾದ ತುದಿ ಎತ್ತ ಬೀಸುತ್ತದೆ ಅನ್ನುವುದು ಆ ದಿನದ ಲೀಡ್ (ಹಗ್ಗ ಸಾಗುವ ದಾರಿ) ಮೇಲೆ ಹೋಗುತ್ತದೆ. ಹಗ್ಗ ಬಿಗಿಯಾದ ಹೊತ್ತಿನಲ್ಲಿ ಇಡೀ ಮೂರಿಂಗ್ ಡೆಕ್ ಅಪಾಯದ ಜಾಗ ಅಂತಲೇ ಎಣಿಸಿ.

2015ರ ಮಾರ್ಚ್ 2ರಂದು ವೇಲ್ಸ್‌ನ ಮಿಲ್ಫರ್ಡ್ ಹೇವನ್‌ನಲ್ಲಿ ಝರ್ಗಾ ಅನ್ನುವ ಎಲ್‌ಎನ್‌ಜಿ ಟ್ಯಾಂಕರ್‌ನಲ್ಲಿ ಹಗ್ಗ ತುಂಡಾಗಿ ಅಧಿಕಾರಿಯ ತಲೆಗೆ ತೀವ್ರ ಪೆಟ್ಟಾಯಿತು. ಅದು ಎಚ್‌ಎಂಪಿಇ (ಬಲವಾದ ಪ್ಲಾಸ್ಟಿಕ್ ನಾರು) ಹಗ್ಗ, ಹಿಗ್ಗುವುದು ಬಹಳ ಕಡಿಮೆ, ಹಾಗಾಗಿ ಹಿಂದಕ್ಕೆ ಚಿಮ್ಮುವುದಿಲ್ಲ ಅನ್ನುವ ಭಾವನೆ ಇತ್ತು. ಆದರೆ ತುದಿಗೆ ಕಟ್ಟಿದ್ದ 22 ಮೀಟರ್ ಟೇಲ್ (ಜೋಡಿಸುವ ಹಗ್ಗದ ತುಂಡು) ಹಿಗ್ಗುವ ಜಾತಿಯದು. ಚಿಮ್ಮುವ ಶಕ್ತಿಯೆಲ್ಲ ಅದರಲ್ಲಿ ಕೂಡಿತ್ತು. ಹೊದಿಕೆ ಇದ್ದ ಹಗ್ಗವಾದ್ದರಿಂದ ಒಳಗಿನ ನಾರು ಸವೆದದ್ದು ಹೊರಗೆ ಕಾಣುವ ಹಾಗಿರಲಿಲ್ಲ, ತಾಳಬೇಕಾದ ಭಾರಕ್ಕಿಂತ ಬಹಳ ಕಡಿಮೆ ಎಳೆತದಲ್ಲೇ ತುಂಡಾಯಿತು. ಇದರಲ್ಲಿ ಆ ಅಧಿಕಾರಿಯ ತಲೆಗೆ ಗೂಬೆ ಕೂರಿಸಿ ಏನು ಪ್ರಯೋಜನ? ಹಗ್ಗ ಮತ್ತು ಟೇಲ್ ಸೇರಿದಾಗ ಹೇಗೆ ವರ್ತಿಸುತ್ತದೆ ಅನ್ನುವ ಮಾಹಿತಿ ಅವರ ತನಕ ಬಂದೇ ಇರಲಿಲ್ಲ.

ನೀವು ಅಳೆಯಬೇಕಾದ್ದು: ಸ್ಟೇಷನ್‌ನಲ್ಲಿ ಎಷ್ಟು ಜನ, ಒಂದೇ ಹೊತ್ತಿಗೆ ಎಷ್ಟು ಹಗ್ಗ ಓಡುತ್ತಿದೆ. ವಿಂಚ್ ಹಿಡಿದವರಿಗೆ ಹಗ್ಗದ ತುದಿ ಕಾಣುತ್ತದಾ, ಇಲ್ಲದಿದ್ದರೆ ಸನ್ನೆ ಮಾಡುವವರು ಯಾರು. ಮೇಲ್ವಿಚಾರಣೆಯ ಅಧಿಕಾರಿಯ ಕೈಯಲ್ಲಿ ಹಗ್ಗ ಇದೆಯಾ. ಇದ್ದರೆ ಅಲ್ಲಿ ಮೇಲ್ವಿಚಾರಣೆ ಇಲ್ಲ ಅಂತಲೇ ಬರೆಯಿರಿ. ಮಿನಿಮಮ್ ಸೇಫ್ ಮ್ಯಾನಿಂಗ್ (ಹಡಗಿಗೆ ಕನಿಷ್ಠ ಎಷ್ಟು ಸಿಬ್ಬಂದಿ ಬೇಕು ಅನ್ನುವ) ಕಾಗದದಲ್ಲಿರುವ ಸಂಖ್ಯೆ ಹಿಡಿದು ಮುಂದೆ ಹಿಂದೆ ಹಂಚಿ ನೋಡಿ, ಒಂದೊಂದು ಕಡೆ ಎಷ್ಟು ಜನ ಉಳಿಯುತ್ತಾರೆ ಅಂತ ಆಗಲೇ ಗೊತ್ತಾಗುತ್ತದೆ. ಪಣಂಬೂರಿಗೆ ಮುಂಗಾರಿನಲ್ಲಿ ಬರುವ ಹಡಗಾದರೆ ಮಳೆಗೆ ಜಾರುವ ಡೆಕ್, ನೆನೆದ ಹಗ್ಗದ ತೂಕ ಎರಡನ್ನೂ ಸೇರಿಸಿ. ಬೇಸಗೆಯಲ್ಲಿ ಮಾಡಿದ ಅಂದಾಜು ಜುಲೈಗೆ ನಡೆಯುವುದಿಲ್ಲ.

ನಾಲ್ಕೆಂಟು ವಾಚ್

ಇಲ್ಲಿಯವರೆಗೆ ಎಲ್ಲ ಹಡಗಿನ ಮೇಲಿನದೇ ಆಯಿತು. ದಡದ ಆಫೀಸನ್ನೂ ಇದೇ ಮಾನದಲ್ಲಿ ಅಳೆಯಬೇಕು. ಐಎಸ್‌ಎಂ ಕೋಡ್ ಹುಟ್ಟಲು ದೊಡ್ಡ ಕಾರಣವೇ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್. 1987ರ ಮಾರ್ಚ್ 6, ಬೆಲ್ಜಿಯಂನ ಜೀಬ್ರುಗ್ ಬಂದರು, ಮುಂದಿನ ಬಾಗಿಲು ತೆರೆದೇ ಹೊರಟ ಫೆರಿ ಮಗುಚಿ 193 ಜನ ಸತ್ತರು. ಬಾಗಿಲು ಹಾಕಬೇಕಿದ್ದ ಸಹಾಯಕ ಬೋಸನ್ ಕ್ಯಾಬಿನ್‌ನಲ್ಲಿ ಮಲಗಿದ್ದರು, ನಿಜ. ಆದರೆ ಬಾಗಿಲು ಹಾಕಿದ್ದನ್ನು ನೋಡಬೇಕಾದ ಚೀಫ್ ಆಫೀಸರ್ ಅದೇ ಹೊತ್ತಿಗೆ ಬ್ರಿಜ್‌ನಲ್ಲೂ ಇರಬೇಕು ಅಂತ ಕಂಪನಿಯದ್ದೇ ಆದೇಶ. ಬ್ರಿಜ್‌ನಿಂದ ಆ ಬಾಗಿಲು ಕಾಣುತ್ತಿರಲಿಲ್ಲ. ತೊಂದರೆ ಇದೆ ಅಂತ ಯಾರೂ ಹೇಳದಿದ್ದರೆ ಎಲ್ಲ ಸರಿ ಅಂತ ಕ್ಯಾಪ್ಟನ್ ಹೊರಡುವ ಪದ್ಧತಿ. ಬಾಗಿಲಿಗೆ ಸೂಚಕ ದೀಪ ಹಾಕಿಸಿ ಅಂತ ಕ್ಯಾಪ್ಟನ್‌ಗಳು ಮೊದಲೇ ಕೇಳಿದ್ದರು, ಆಫೀಸು ಹಗುರವಾಗಿ ತಳ್ಳಿಹಾಕಿತ್ತು. ಆಮೇಲೆ ಆ ದೀಪ ಸೋಲಾಸ್ (ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ) ನಿಯಮವೇ ಆಯಿತು.

ಇಂಥ ತೊಡಕು ಹಿಡಿಯಲು ಒಂದು ಸುಲಭದ ಚಾರ್ಟ್ ಇದೆ. ಹೊರಡುವ ಮುಂಚಿನ ಒಂದು ಗಂಟೆಯನ್ನು ಐದೈದು ನಿಮಿಷದ ಹನ್ನೆರಡು ಕಾಲಂ ಮಾಡಿ. ಒಬ್ಬೊಬ್ಬರಿಗೆ ಒಂದು ಸಾಲು. ಎಸ್‌ಎಂಎಸ್ ಮತ್ತು ಸ್ಟ್ಯಾಂಡಿಂಗ್ ಆರ್ಡರ್ ಪ್ರಕಾರ ಆ ಐದು ನಿಮಿಷ ಅವರು ಎಲ್ಲಿರಬೇಕು ಅಂತ ಬರೆಯುತ್ತಾ ಹೋಗಿ. ಒಂದೇ ಚೌಕದಲ್ಲಿ ಎರಡು ಜಾಗ ಬಿದ್ದರೆ ನಿಮ್ಮ ಹಡಗಿನ ತೆರೆದ ಬಾಗಿಲು ಅದೇ.

ಇನ್ನು ಬರಬರುತ್ತಾ ಸಡಿಲಾಗುವ ರೂಢಿ. 2020ರ ಜುಲೈನಲ್ಲಿ ಮಾರಿಷಸ್ ಬಳಿ ರೀಫ್ ಹತ್ತಿದ ವಕಾಶಿಯೊ ನೆನಪಿದೆಯಲ್ಲ. ದ್ವೀಪದಿಂದ 22 ಮೈಲಿ ದೂರ ಹೋಗಬೇಕಿದ್ದ ಮಾರ್ಗ 5 ಮೈಲಿಗೆ ಬಂತು, ಆಮೇಲೆ ಮೊಬೈಲ್ ಸಿಗ್ನಲ್ ಸಿಗಲಿ ಅಂತ 2 ಮೈಲಿಗೆ ಬಂತು. ಆ ಕರಾವಳಿಗೆ ತಕ್ಕಷ್ಟು ದೊಡ್ಡ ಅಳತೆಯ ಚಾರ್ಟ್ ಬಳಸಿರಲಿಲ್ಲ. ಸುಮಾರು ಸಾವಿರ ಟನ್ ಎಣ್ಣೆ ಲಗೂನ್‌ಗೆ ಹೋಯಿತು. ಶಿಸ್ತು ತಪ್ಪಿದ್ದು ಸರಿ. ಅದರ ಜೊತೆಗೆ, ವಾರಗಟ್ಟಲೆ ಮನೆಯವರ ಧ್ವನಿ ಕೇಳದ ಸಿಬ್ಬಂದಿಗೆ ಹಡಗಿನ ಇಂಟರ್ನೆಟ್ ಎಷ್ಟು ಕೊಟ್ಟಿದ್ದೀರಿ ಅನ್ನುವುದೂ ಸುರಕ್ಷತೆಯ ಪ್ರಶ್ನೆಯೇ. ನಿಮ್ಮ ಹಡಗುಗಳ ಹಿಂದಿನ ಆರು ತಿಂಗಳ ಟ್ರ್ಯಾಕ್ ತೆಗೆದು ಪ್ಲ್ಯಾನ್ ಮೇಲೆ ಇಟ್ಟು ನೋಡಿ. ದ್ವೀಪಗಳ ಹತ್ತಿರ ಎಲ್ಲೆಲ್ಲಿ ಬಾಗಿದೆ ಅಂತ ಅರ್ಧ ದಿನದಲ್ಲಿ ಗೊತ್ತಾಗುತ್ತದೆ.

ಲಂಗರು

ನಿಯರ್ ಮಿಸ್ ಬಗ್ಗೆ ಒಂದು ಮಾತು. ತಿಂಗಳಿಗೆ ಇಂತಿಷ್ಟು ಕಳಿಸಬೇಕು ಅಂತ ಕೋಟಾ ಹಾಕಿದ್ದರೆ ಇವತ್ತೇ ತೆಗೆಯಿರಿ. ಕೋಟಾ ಇದ್ದಲ್ಲಿ ಬರುವುದು "ಡೆಕ್‌ನಲ್ಲಿ ಎಣ್ಣೆ ಹನಿ, ಒರೆಸಲಾಯಿತು". ಸಂಖ್ಯೆ ಬಿಟ್ಟು, ವರದಿ ಮಾಡಿದವರು ತಮ್ಮದೇ ತಪ್ಪನ್ನು ಬರೆದ ವರದಿ ಎಷ್ಟು ಅಂತ ಎಣಿಸಿ. ಅದು ಸೊನ್ನೆ ಇದ್ದರೆ ಜನ ಹೆದರಿದ್ದಾರೆ. ವಿಚಾರಿಸುವಾಗಲೂ "ಯಾಕೆ ನೋಡಲಿಲ್ಲ" ಅನ್ನಬೇಡಿ, "ಆ ಹೊತ್ತಿಗೆ ನಿಮ್ಮ ಎದುರು ಏನು ಕಾಣುತ್ತಿತ್ತು, ಮುಂದೆ ಏನಾಗಬಹುದು ಅಂದುಕೊಂಡಿದ್ದಿರಿ" ಅನ್ನಿ. ಶಿಕ್ಷೆಯ ಮಾತು ಬಂದರೆ ಒಂದೇ ಪರೀಕ್ಷೆ: ಅಷ್ಟೇ ತರಬೇತಿ, ಅಷ್ಟೇ ನಿದ್ದೆ, ಅದೇ ಅವಸರದಲ್ಲಿ ಇನ್ನೊಬ್ಬ ಒಳ್ಳೆಯ ಮೇಟ್ ಇದ್ದಿದ್ದರೆ ಬೇರೆ ಮಾಡುತ್ತಿದ್ದರಾ? ಇಲ್ಲ ಅನ್ನುವುದಾದರೆ ಶಿಕ್ಷೆಯಿಂದ ಏನೂ ಬದಲಾಗುವುದಿಲ್ಲ.

ಧಕ್ಕೆ

ಇಷ್ಟನ್ನೂ ಇಟ್ಟುಕೊಂಡು ಒಂದು ಪುಟದ ಕರಡು ಮಾಡಿದ್ದೇನೆ, ತಪ್ಪಿದ್ದರೆ ಹೇಳಿ. ಮೇಲೆ ಕೆಲಸದ ಹೆಸರು, ದಿನಾಂಕ, ಮಾಡಿದವರ ಹೆಸರು. ಬೇಕಾದ ಸಮಯ, ಇದ್ದ ಸಮಯ. ಹಿಂದಿನ 24 ಮತ್ತು 72 ಗಂಟೆಯ ನಿದ್ದೆ, ಎದ್ದು ಎಷ್ಟು ಗಂಟೆ. ಸೈರ್‌ನ ಒಂಬತ್ತು ಡಬ್ಬಿ. ತಪ್ಪಾದರೆ ತಕ್ಷಣ ಗೊತ್ತಾಗುತ್ತಿತ್ತಾ, ಹೇಗೆ. ಕೊನೆಗೆ ಪರಿಹಾರ: ಇಲ್ಲಿ "ತರಬೇತಿ" ಅಂತ ಬರೆದರೆ ಯಾವ ತಿಳಿವಳಿಕೆ ಇರಲಿಲ್ಲ ಅಂತ ಮುಂದಿನ ಸಾಲಿನಲ್ಲಿ ಬರೆಯಲೇಬೇಕು. ಮೂರು ತಿಂಗಳಾದ ಮೇಲೆ ಬೇರೆ ಹಡಗಿನಲ್ಲಿ ಪರಿಹಾರ ಜಾರಿಯಾಗಿದೆಯಾ ಅಂತ ಡಿಪಿಎ (ಸುರಕ್ಷತೆಗೆ ಕಂಪನಿ ನೇಮಿಸಿದ ದಡದ ಅಧಿಕಾರಿ) ನೋಡಿ ಸಹಿ.

ಎಂಜಿನ್ ರೂಮ್

ಚೆನ್ನಾಗಿದೆ. ಎರಡು ತಿದ್ದುಪಡಿ. ನಿದ್ದೆಯ ಸಾಲಿನ ಕೆಳಗೆ "ರಾತ್ರಿ ಎಷ್ಟು ಸಲ ಎಬ್ಬಿಸಿದರು" ಅಂತ ಒಂದು ಚೌಕ ಹಾಕಿ, ಇಲ್ಲದಿದ್ದರೆ ಯುಎಂಎಸ್ ಎಂಜಿನಿಯರ್‌ಗಳ ಲೆಕ್ಕ ಮತ್ತೆ ಮಾಯ. ಹೆಸರಿನ ಚೌಕ ತೆಗೆದುಬಿಡಿ, ಹುದ್ದೆಯೂ ಬೇಡ. ಇಪ್ಪತ್ತು ಜನರ ಹಡಗಿನಲ್ಲಿ ಸೆಕೆಂಡ್ ಎಂಜಿನಿಯರ್ ಅಂತ ಬರೆದರೆ ಹೆಸರು ಬರೆದ ಹಾಗೆಯೇ. "ಡೆಕ್" ಅಥವಾ "ಎಂಜಿನ್" ಅಂತ ಇದ್ದರೆ ಸಾಕು.

ಧಕ್ಕೆ

ಎರಡೂ ಹಾಕಿದೆ. ಮೊದಲು ಬಂಕರಿಂಗ್‌ಗೆ ಒಂದು ಹಡಗಿನಲ್ಲಿ ಬಳಸಿ ನೋಡುತ್ತೇವೆ. ತುಂಬಿದ ಫಾರಂಗಳು ಬಂದ ಮೇಲೆ, ಗುರುತು ಸಿಗದ ಹಾಗೆ ಮಾಡಿ, ಇದೇ ಚರ್ಚೆಯ ಕೆಳಗೆ ಹಾಕುತ್ತೇನೆ.